ಮೂರನೇ ಕ್ಲಾಸಿನ ಮಗುವಿನ ಓದನ್ನು ಕೇಳುವವರು ಯಾರು?

ಪ್ರತಿ ವರ್ಷ ಎಸೆಸೆಲ್ಸಿ ಫಲಿತಾಂಶ ಬಂದ ಕೂಡಲೇ ನಮ್ಮ ಜಮಾಅತ್‌ಗಳಲ್ಲಿ ಸನ್ಮಾನದ ಸಡಗರ ಶುರುವಾಗುತ್ತದೆ. ಶೇ. 90 ದಾಟಿದವರಿಗೆ ಶಾಲು, ಸ್ಮರಣಿಕೆ, ವಾಟ್ಸ್ಆ್ಯಪ್ ಸ್ಟೇಟಸ್. ಒಳ್ಳೆಯದೇ. ಆದರೆ 2025ರಲ್ಲಿ ರಾಜ್ಯದ ಫಲಿತಾಂಶ ಶೇ. 62.34ಕ್ಕೆ ಇಳಿದಾಗ ಉಳಿದ ಮಕ್ಕಳು ಎಡವಿದ್ದೆಲ್ಲಿ ಎಂದು ಕೇಳಿದವರು ಕಡಿಮೆ. ಹತ್ತರಲ್ಲಿ ಫೇಲಾದ ಮಗು ಬಹಳ ಸಲ ಮೂರನೇ ಕ್ಲಾಸಿನಲ್ಲೇ ಹಿಂದೆ ಬಿದ್ದಿರುತ್ತದೆ. ಅದು ನಮಗೆ ಗೊತ್ತಾಗಲು ಏಳು ವರ್ಷ ಹಿಡಿಯುತ್ತದೆ, ಅಷ್ಟೇ.

ಕೇಂದ್ರ ಸರಕಾರ 2021ರ ಜುಲೈ 5ರಂದು ‘ನಿಪುಣ್ ಭಾರತ್’ ಯೋಜನೆ ಆರಂಭಿಸಿತು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು, ಬರೆಯಲು, ಸರಳ ಲೆಕ್ಕ ಮಾಡಲು ಬರಬೇಕು ಎಂಬುದು ಗುರಿ. ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು, 9999ರವರೆಗೆ ಸಂಖ್ಯೆ ಗೊತ್ತಿರಬೇಕು. ಇದಕ್ಕೆ ಹಾಕಿಕೊಂಡ ಗಡುವು 2026-27. ವಾಸ್ತವ ಎಲ್ಲಿದೆ? 2025ರ ಜನವರಿಯಲ್ಲಿ ಹೊರಬಂದ ‘ಅಸರ್ 2024’ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 27.1. ಕಳೆಯುವ ಲೆಕ್ಕ ಬರುವವರು ಶೇ. 33.7. ಇದು ಹಳ್ಳಿಯ ಸಮೀಕ್ಷೆ, ನಮ್ಮ ಹುಬ್ಬಳ್ಳಿ-ಧಾರವಾಡ ಪೇಟೆ ಇದರಲ್ಲಿಲ್ಲ. ಹಾಗಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಫೀಸು ಕೊಟ್ಟು ಕಳಿಸುವ ಖಾಸಗಿ ಶಾಲೆಗಳಲ್ಲೂ ಹೀಗೆ ಓದಬಲ್ಲ ಮಕ್ಕಳು ಮೂವರಲ್ಲಿ ಒಬ್ಬರ ಆಸುಪಾಸಿನಲ್ಲೇ ಇದ್ದಾರೆ.

ಈಗ ನಮ್ಮ ಮನೆಯ ಮಗುವನ್ನೇ ನೋಡಿ. ಉಮ್ಮನ ಜೊತೆ ಬ್ಯಾರಿ ಭಾಷೆ. ಓಣಿಗೆ ಇಳಿದರೆ ದಖ್ನಿ ಮತ್ತು ಹುಬ್ಬಳ್ಳಿ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್. ಮದ್ರಸದಲ್ಲಿ ಅರಬಿ ಅಕ್ಷರ. ರಜೆಯಲ್ಲಿ ಊರಿಗೆ ಹೋದರೆ ತುಳು ಬೇರೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂದರೂ ಬ್ಯಾರಿ ಭಾಷೆಯಲ್ಲಿ ಓದು ಕಲಿಸುವ ಶಾಲೆ ನಮಗಿಲ್ಲ. ಹಾಗಾಗಿ ನಮ್ಮ ಮಗು ಮನೆಯಲ್ಲಿ ಆಡದ ಭಾಷೆಯಲ್ಲೇ ಮೊದಲ ಅಕ್ಷರ ಕಲಿಯುತ್ತದೆ. ಐದು ಭಾಷೆ ಕಿವಿಗೆ ಬೀಳುವುದು ತೊಂದರೆಯಲ್ಲ, ಅದು ಅಲ್ಲಾಹನು ಕೊಟ್ಟ ಸಂಪತ್ತು. ತೊಂದರೆ ಎಂದರೆ ಮೂರು ಲಿಪಿಯನ್ನು ಅರ್ಧರ್ಧ ಕಲಿತು ಒಂದರಲ್ಲೂ ಓದಿ ದಡ ಮುಟ್ಟದಿರುವುದು. ಕನ್ನಡದಲ್ಲಿ ಬರೆದ ಹಾಗೆಯೇ ಓದು, ಇಂಗ್ಲಿಷಿನ ಸ್ಪೆಲ್ಲಿಂಗ್ ಕಾಟ ಇಲ್ಲ. ಇಂಗ್ಲಿಷ್ ಮೀಡಿಯಂ ಮಗುವಿಗೂ ಮೊದಲು ಕನ್ನಡ ಓದು ಗಟ್ಟಿಯಾದರೆ ಓದುವುದು ಅಂದರೆ ಏನು ಎಂಬುದು ಒಮ್ಮೆ ತಲೆಗೆ ಹತ್ತುತ್ತದೆ. ಮತ್ತೆ ಉಳಿದದ್ದು ಸುಲಭ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ಉಣಕಲ್, ನವನಗರ, ರಾಯಾಪುರ, ಸತ್ತೂರು ಎಂದು ಬೋರ್ಡು ಓದಿಸಿ ನೋಡಿ. ಓದುತ್ತದೋ, ಬರೀ ನೆನಪಿನಿಂದ ಹೇಳುತ್ತದೋ ಗೊತ್ತಾಗುತ್ತದೆ.

ಕೆಲವು ಮನೆಗಳಲ್ಲಿ ಮಗು ಎಲ್‌ಕೆಜಿ ಸೇರಿದ ದಿನದಿಂದ ಬ್ಯಾರಿ ಬಂದ್. ‘ಕಮ್’, ‘ಈಟ್’, ‘ಸಿಟ್’ ಅಷ್ಟೇ. ಇದು ನಮಗೆ ಸರಿ ಕಾಣುವುದಿಲ್ಲ. ನಾಲ್ಕು ಇಂಗ್ಲಿಷ್ ಪದದಲ್ಲಿ ಕತೆ ಹೇಳಲು ಬರುವುದಿಲ್ಲ, ಬ್ಯಾರಿಯಲ್ಲಿ ಬರುತ್ತದೆ. ಕತೆ ಕೇಳಿ ಬೆಳೆದ ಮಗು ‘ಆಮೇಲೆ ಏನಾಯಿತು’ ಎಂದು ಕೇಳುತ್ತದೆ. ಪುಸ್ತಕ ಓದಿಸುವುದೂ ಅದೇ ಪ್ರಶ್ನೆ. ಹಾಗೆಯೇ ದಾಖಲಾತಿಯ ಅವಸರ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಎಂಬ ನಿಯಮವನ್ನು ರಾಜ್ಯ ಸರಕಾರ 2025-26ರ ಸಾಲಿಗೆ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ಪೋಷಕರು ಖುಷಿಪಟ್ಟರು. ಪೆನ್ಸಿಲ್ ಹಿಡಿಯಲು ಬೆರಳು ಗಟ್ಟಿಯಾಗದ ಮಗುವಿನ ಒಂದು ವರ್ಷ ಉಳಿಸಿ ಏನು ಮಾಡುವುದಿದೆ?

ಇನ್ನು ಮದ್ರಸದ ಮಾತು. ಶಾಲೆಯಲ್ಲಿ 40 ಮಕ್ಕಳು ಒಟ್ಟಿಗೆ ಕೂಗಿ ಓದುತ್ತಾರೆ. ಆ ಗದ್ದಲದಲ್ಲಿ ಓದಲು ಬಾರದವನೂ ಬಾಯಿ ಆಡಿಸುತ್ತಾನೆ, ಟೀಚರಿಗೆ ತಿಳಿಯುವುದಿಲ್ಲ. ಮದ್ರಸದಲ್ಲಿ ಹಾಗಲ್ಲ. ಒಬ್ಬೊಬ್ಬ ಮಗುವೂ ಕಿತಾಬು ಹಿಡಿದು ಉಸ್ತಾದರ ಮುಂದೆ ಬಂದು ಕೂರಬೇಕು. ಬೆರಳಿಟ್ಟು ಓದಬೇಕು. ಒಂದು ಹರಕತ್ ತಪ್ಪಿದರೂ ಅದೇ ಸಾಲು ಮತ್ತೆ. ಇವತ್ತಿನ ಪಾಠ ಸರಿಯಾಗದೆ ನಾಳೆಯದ್ದು ಇಲ್ಲ. ನೂರಾರು ವರ್ಷದಿಂದ ನಡೆದು ಬಂದ ಕ್ರಮ ಇದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ರಿಷಿ ವ್ಯಾಲಿಯ ಮಾದರಿ ನೋಡಿ ಶುರುವಾದ ‘ನಲಿಕಲಿ’ಯ ತಿರುಳಿನಲ್ಲೂ ಇದರ ಹೋಲಿಕೆ ಇದೆ: ಪ್ರತಿ ಮಗು ತನ್ನ ಮೆಟ್ಟಿಲಿನಿಂದ, ತನ್ನ ವೇಗದಲ್ಲಿ ಮುಂದೆ ಹೋಗಬೇಕು. 4 ಮತ್ತು 5ನೇ ತರಗತಿಗೆ ಬಂದ ‘ಓದು ಕರ್ನಾಟಕ’ ಕೂಡಾ ಮಕ್ಕಳನ್ನು ಕ್ಲಾಸು ನೋಡಿ ಕೂರಿಸದೆ, ಎಷ್ಟು ಓದಲು ಬರುತ್ತದೆ ಎಂದು ನೋಡಿ ಗುಂಪು ಮಾಡುತ್ತದೆ.

ಆದರೆ ಒಂದು ತಪ್ಪು ತಿಳಿವಳಿಕೆ ನಮ್ಮ ಮನೆಗಳಲ್ಲಿದೆ. ಮಗು ಯಾಸೀನ್ ಸೂರಃ ನಿಲ್ಲದೆ ಓದಿದರೆ ‘ಓದಲು ಬರ್ತದೆ’ ಎಂದು ಪೋಷಕರು ಸಮಾಧಾನಪಡುತ್ತಾರೆ. ತಿಲಾವತ್‌ಗೆ ಅದರದ್ದೇ ಪುಣ್ಯ, ಅದರದ್ದೇ ಸ್ಥಾನ ಇದೆ. ಆದರೆ ಅಲ್ಲಿ ಮಗು ಅಕ್ಷರವನ್ನು ಧ್ವನಿ ಮಾಡುತ್ತದೆ, ಅರ್ಥ ಇನ್ನೂ ಮುಂದಿನ ಮಾತು. ಅದೇ ಮಗುವಿನ ಕೈಗೆ ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟರೆ ಒತ್ತಕ್ಷರದಲ್ಲಿ ನಿಲ್ಲುತ್ತದೆ, ಓದಿದ್ದು ಏನು ಎಂದು ಕೇಳಿದರೆ ಮುಖ ನೋಡುತ್ತದೆ. ಎರಡೂ ಬೇರೆ ಬೇರೆ ಕಲಿಕೆ.

ಲೆಕ್ಕದಲ್ಲೂ ಇಂಥದ್ದೇ ಒಂದು ಮರೆ ಇದೆ. ಅಂಗಡಿ ಇಟ್ಟ ಮನೆಯ ಮಕ್ಕಳು ಲೆಕ್ಕದಲ್ಲಿ ಚುರುಕು ಎಂಬುದು ನಮ್ಮ ಹೆಮ್ಮೆ. ದುರ್ಗದಬೈಲಿನಲ್ಲಿ ಕಿಲೋಗೆ 60 ರೂಪಾಯಿಯ ಹಣ್ಣು ಒಂದೂವರೆ ಕಿಲೋ ತೂಗಿ, ನೂರರ ನೋಟಿಗೆ ಹತ್ತು ರೂಪಾಯಿ ಚಿಲ್ಲರೆ ಕೊಡುವ ಹುಡುಗನಿಗೆ ಕಾಗದ ಬೇಡ. ಆದರೆ ಅದನ್ನೇ ಗುಣಾಕಾರವಾಗಿ ಬರೆದು ಮಾಡು ಎಂದರೆ? ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಕೋಲ್ಕತಾ, ದಿಲ್ಲಿ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬಾಯಿಲೆಕ್ಕದಲ್ಲಿ ಗೆದ್ದ ಆ ಮಕ್ಕಳು ಶಾಲೆಯ ಲೆಕ್ಕ ಕೊಟ್ಟಾಗ ತಡವರಿಸಿದರು. ಅತ್ತ ಶಾಲೆಯ ಲೆಕ್ಕ ಬರುವ ಮಕ್ಕಳಿಗೆ ಅಂಗಡಿ ಲೆಕ್ಕ ಬರಲಿಲ್ಲ. ಒಂದರಿಂದ ಇನ್ನೊಂದಕ್ಕೆ ತನ್ನಷ್ಟಕ್ಕೆ ಸೇತುವೆ ಬೀಳುವುದಿಲ್ಲ. ಅಂಗಡಿಯಲ್ಲಿ ಕೂತ ಬಾಪನೇ ಆ ಸೇತುವೆ ಕಟ್ಟಬಹುದು: ‘ಈಗ ಮಾಡಿದ ಲೆಕ್ಕವನ್ನು ಚೀಟಿಯ ಹಿಂದೆ ಬರಿ ನೋಡುವಾ’ ಎಂದು ಹೇಳಿದರೆ ಸಾಕು.

ನಾವು ಉಸ್ತಾದರು ಕೇಳುವುದು ಇಷ್ಟೇ. ಸಂಜೆ ಮದ್ರಸದಲ್ಲಿ ಕಿತಾಬಿನ ಓದು ಕೇಳಿದ ಮೇಲೆ, ಅದೇ ಮಗುವಿನಿಂದ ಒಂದು ಕನ್ನಡ ಪುಟ ಓದಿಸಿ, ಅರ್ಥ ಕೇಳಲು ಸಮಯ ಕೊಡಿ. ದಿನಕ್ಕೆ ಐದಾರು ಮಕ್ಕಳಾದರೂ ವಾರದಲ್ಲಿ 30 ಮಕ್ಕಳ ಸುತ್ತು ಮುಗಿಯುತ್ತದೆ. ‘ದೀನೀ ಪಾಠಕ್ಕೇ ಟೈಮ್ ಸಾಲುವುದಿಲ್ಲ, ಇದು ಶಾಲೆಯವರ ಕೆಲಸ’ ಎಂದು ಕೆಲವು ಕಮಿಟಿಯವರು ಹೇಳುತ್ತಾರೆ. ಸಮಯ ಕಡಿಮೆ ಎಂಬುದು ನಿಜ, ಅಸರ್ ಮತ್ತು ಮಗ್ರಿಬ್ ನಡುವೆ ಸಿಗುವುದೇ ಅಷ್ಟು. ಆದರೆ ಇದು ದೀನಿನ ಹೊರಗಿನ ಕೆಲಸ ಎಂಬ ಮಾತನ್ನು ಒಪ್ಪಲಾಗದು. ಬದ್ರ್ ಯುದ್ಧದ ಬಳಿಕ, ಪರಿಹಾರ ಧನ ಕೊಡಲಾಗದ ಅಕ್ಷರಸ್ಥ ಕೈದಿಗಳಿಗೆ ಮದೀನಾದ ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಪಡೆಯಲು ಪ್ರವಾದಿ (ಸ) ಅವಕಾಶ ಕೊಟ್ಟದ್ದನ್ನು ಸೀರಃ ಗ್ರಂಥಗಳು ಹೇಳುತ್ತವೆ. ಆ ಕೈದಿಗಳು ಅಲ್ಲಿ ಕಲಿಸಿದ್ದು ದೀನೀ ಪಾಠವಲ್ಲ, ಬರೀ ಅಕ್ಷರ.

ಮನೆಯಲ್ಲಿ ಉಮ್ಮನಿಗೆ ಕನ್ನಡ ಓದಲು ಬಾರದಿದ್ದರೂ ತೊಂದರೆ ಇಲ್ಲ. ಮಗು ಓದಲಿ, ಉಮ್ಮ ಕೇಳಲಿ, ಕತೆಯಲ್ಲಿ ಎಂತಾಯಿತು ಎಂದು ಬ್ಯಾರಿಯಲ್ಲಿ ಹೇಳಿಸಲಿ. ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಪುಸ್ತಕಕ್ಕೆ ದೊಡ್ಡ ಖರ್ಚೂ ಇಲ್ಲ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಕನ್ನಡ ಕತೆಗಳು ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ, ಪ್ರಿಂಟ್ ತೆಗೆಯಲೂಬಹುದು. ಮುಂದಿನ ಸನ್ಮಾನದ ಶಾಲು, ಸ್ಮರಣಿಕೆಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿದರೆ ಮದ್ರಸದ ಒಂದು ಕಪಾಟು ತುಂಬುವಷ್ಟು ಕತೆ ಪುಸ್ತಕ ಬರುತ್ತದೆ. ಹೊಸ ಶೈಕ್ಷಣಿಕ ವರ್ಷಕ್ಕೆ ಮುಂಚೆ ಕಮಿಟಿ ಮೀಟಿಂಗಿನಲ್ಲಿ ಈ ವಿಷಯ ಒಮ್ಮೆ ಎತ್ತಿ.