ಎಲ್ಲಾ ಸರ್ವರ್ ಒಂದೇ ಜಾತಿ ಇರಬೇಕಂತೆ!

ಅಂಬತ್ತೂರು, ಗಿಂಡಿ ಕಡೆಯ ಸಣ್ಣ ಕಂಪನಿಗಳಲ್ಲಿ ಈಗಲೂ ಒಂದು ಉಪದೇಶ ಕೇಳಿಬರುತ್ತೆ. "ಸಾರ್, ಎಲ್ಲಾ ಸರ್ವರ್ ವಿಂಡೋಸ್ ಮಾಡಿಬಿಡಿ, ತಲೆನೋವೇ ಇರಲ್ಲ." ಎದುರು ಬಣದವರದ್ದೂ ಅದೇ ಹಾಡು, ರಾಗ ಮಾತ್ರ ಬೇರೆ: "ಎಲ್ಲಾ ಲಿನಕ್ಸ್ ಮಾಡಿ, ದುಡ್ಡು ಉಳಿಯುತ್ತೆ." ಇಬ್ಬರೂ ಹೇಳ್ತಿರೋದು ತಮಗೆ ಗೊತ್ತಿರೋದನ್ನ, ಕಂಪನಿಗೆ ಬೇಕಾದ್ದನ್ನಲ್ಲ.

ಲೆಕ್ಕಪತ್ರಕ್ಕೆ ನಮ್ಮ ಬೆಂಗಳೂರಿನ ಟ್ಯಾಲಿ ಬೇಕು, ಅದಕ್ಕೆ ವಿಂಡೋಸ್ ಬೇಕು. ವೆಬ್‌ಸೈಟು, ಮೇಲು, ಬ್ಯಾಕಪ್ಪಿಗೆ ಲಿನಕ್ಸ್ ಸಲೀಸು. ಎರಡೂ ಇರಲಿ ಬಿಡ್ರೀ! ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ 1992ರಲ್ಲೇ ಶುರು ಮಾಡಿದ ಸಾಂಬಾ (ಸಾಂಬಾರ್ ಅಲ್ಲ ಮಾರಾಯ್ರೇ!) ಇವೆರಡರ ನಡುವೆ ಫೈಲು ಹಂಚುತ್ತೆ. 2012ರ ಸಾಂಬಾ 4ರಿಂದ ವಿಂಡೋಸ್ ಗಣಕಗಳ ಲಾಗಿನ್ ನೋಡಿಕೊಳ್ಳೋ ಆಕ್ಟಿವ್ ಡೈರೆಕ್ಟರಿ ಡೊಮೇನ್ ಕಂಟ್ರೋಲರ್ ಕೂಡ ಲಿನಕ್ಸ್ ಮೇಲೆ ಓಡಬಹುದು. ಇನ್ನು ಮೈಕ್ರೋಸಾಫ್ಟೇ 2017ರಲ್ಲಿ ತನ್ನ ಎಸ್‌ಕ್ಯೂಎಲ್ ಸರ್ವರನ್ನು ಲಿನಕ್ಸಿಗೆ ತಂದಿತು. ಚೆನ್ನೈಗಂತೂ ಲಿನಕ್ಸ್ ಹೊಸದಲ್ಲ. 2007ರಲ್ಲೇ ಇಲ್ಲಿನ ಸಿ-ಡ್ಯಾಕ್ 'ಬಾಸ್' ಲಿನಕ್ಸ್ ಹೊರತಂದಿತ್ತು.

ಒಂದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟವರ ಕಥೆ ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಪಕ್ಕದ ಲಿನಕ್ಸ್ ಸರ್ವರಿಗೆ ಆ ಅಪ್‌ಡೇಟಿನಿಂದ ಏನೂ ಆಗಲಿಲ್ಲ. ಹಾಗಂತ ಲಿನಕ್ಸ್ ಭಕ್ತರು ಬೀಗಬೇಕಿಲ್ಲ. 2029ರವರೆಗೆ ಬಾಳುತ್ತೆ ಅಂದಿದ್ದ ಸೆಂಟ್ಓಎಸ್ 8ನ್ನು 2021ರ ಕೊನೆಗೇ ಕೈಬಿಟ್ಟರಲ್ಲ?

ಹಾಗಾದ್ರೆ ಬೆರೆಸೋದು ಪುಕ್ಕಟೆಯೇ? ಖಂಡಿತ ಅಲ್ಲ. ಮೂರು ವಿಷಯ ಮಾತ್ರ ಎರಡಕ್ಕೂ ಒಂದೇ ಇರಬೇಕು: ಬಳಕೆದಾರರ ಪಟ್ಟಿ, ಯಂತ್ರಗಳ ಹೆಸರು ಹೇಳೋ ಡಿಎನ್ಎಸ್, ಮತ್ತು ಗಡಿಯಾರ. ಹೌದು, ಗಡಿಯಾರ! ಎರಡು ಯಂತ್ರಗಳ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಕರ್ಬೆರೋಸ್ ಸಾಮಾನ್ಯವಾಗಿ ಒಳಗೇ ಬಿಡಲ್ಲ. ಪಾಸ್‌ವರ್ಡ್ ಸರಿಯಿದ್ದರೂ "ನೋಡಿ, ಲಿನಕ್ಸ್ ಸರಿಯಿಲ್ಲ" ಅಂತ ಬೈಗುಳ. ಜೊತೆಗೆ, ಏನು ಎಲ್ಲಿದೆ ಅನ್ನೋದು ಒಬ್ಬನ ತಲೆಯಲ್ಲಿರದೆ ಕಾಗದದ ಮೇಲಿರಬೇಕು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ಅಂತ ದಿನಾ ಬದುಕೋ ನಮಗೆ ಇದು ಅರ್ಥವಾಗದ ಸಂಗತಿಯೇ? ಮುಂದಿನ ಸಲ ಯಾರಾದ್ರೂ "ಎಲ್ಲಾ ಒಂದೇ ಮಾಡಿ" ಅಂದ್ರೆ ಒಂದೇ ಪ್ರಶ್ನೆ ಕೇಳಿ: ಆ ಒಂದೇ ಮಲಗಿದ ದಿನ ಸಂಬಳದ ಫೈಲು ಎಲ್ಲಿಂದ ತೆಗೀತೀರಿ ಸ್ವಾಮಿ?