ಬೆವರು ಇಲ್ಲಿ, ಹೆಸರು ಅಲ್ಲಿ

ಶಾಮನೂರು ಒಂದು ಕಾಲಕ್ಕೆ ದಾವಣಗೆರೆಯ ಮಗ್ಗುಲಿನ ಹಳ್ಳಿ. ಇಂದು ನಗರದೊಳಗೇ ಸೇರಿಹೋಗಿದೆ. ಅಲ್ಲಿ ಏಳುತ್ತಿರುವ ಮನೆಗಳಿಗೆ ಇಟ್ಟಿಗೆ ಹೊರುವವರು ಯಾರು? ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಜಗಳೂರು ಕಡೆಯಿಂದ ಗಂಟುಮೂಟೆ ಕಟ್ಟಿ ಬಂದವರು. ಮಂಡಕ್ಕಿ ಭಟ್ಟಿಯ ಕಾವಿನಲ್ಲಿ, ಎ.ಪಿ.ಎಂ.ಸಿ. ಯಾರ್ಡಿನ ಹಮಾಲಿಯಲ್ಲಿ ಬೆನ್ನು ಬಾಗಿಸಿದವರಲ್ಲೂ ಇಂಥವರಿದ್ದಾರೆ. ವರ್ಷಗಟ್ಟಲೆ ಇಲ್ಲಿ ದುಡಿದರೂ ಎಷ್ಟೋ ಮಂದಿಯ ರೇಷನ್ ಕಾರ್ಡು ಊರಲ್ಲಿ, ಓಟೂ ಊರಲ್ಲಿ.

"ಈ ಜನಕ್ಕೆ ಪೌರಪ್ರಜ್ಞೆ ಇಲ್ಲ" ಎಂದು ದೊಡ್ಡವರು ಮೂಗು ಮುರಿಯುತ್ತಾರೆ. ಚರಂಡಿ ಕಟ್ಟಿಕೊಂಡರೂ ಬಾಯಿ ಬಿಡುವುದಿಲ್ಲವಂತೆ. ಯಾರ ಮುಂದೆ ಬಾಯಿ ಬಿಡಬೇಕು? ಪಾಲಿಕೆಯ ವಾರ್ಡಿನ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದ. ಅದರಲ್ಲಿ ಹೆಸರಿಲ್ಲದವನ ಓಣಿಗೆ ಕಾರ್ಪೊರೇಟರು ಏಕೆ ಕಾಲಿಡಬೇಕು? ಲೆಕ್ಕಕ್ಕಿಲ್ಲದ ಮನುಷ್ಯ ಬಾಯಿಲ್ಲದ ಮನುಷ್ಯನಾಗುತ್ತಾನೆ. ಹೆಸರು ಮೊದಲು, ಪ್ರಜ್ಞೆ ಆಮೇಲೆ.

ಹರಪನಹಳ್ಳಿಯ ಕಥೆ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಕೂತಲ್ಲೇ ಕೂತ ತಾಲ್ಲೂಕು ಕಾಗದದ ಮೇಲೆ ಮೂರು ಸಲ ನಡೆದಾಡಿತು. ಕಾಲು ಸವೆಸಿ ನಡೆದು ಬಂದ ಕೂಲಿಕಾರ ಮಾತ್ರ ಕಾಗದದ ಮೇಲೆ ಅಲುಗಲಿಲ್ಲ!

ಚೀನಾ ದೇಶದಲ್ಲಿ 1958ರ ಕುಟುಂಬ ನೋಂದಣಿ ಕಾನೂನು ಹಳ್ಳಿಯವನನ್ನೂ ಪಟ್ಟಣದವನನ್ನೂ ಬೇರೆ ಬೇರೆ ಮಾಡಿತು. ಪಟ್ಟಣಕ್ಕೆ ಬಂದು ದುಡಿದರೂ ಹಳ್ಳಿಯವನು ಪಟ್ಟಣದ ಹಕ್ಕಿಗೆ ಹೊರಗಿನವನಾದ. ನಮ್ಮ ಸಂವಿಧಾನದ 19ನೇ ವಿಧಿಯಾದರೋ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಸ್ವಾತಂತ್ರ್ಯ ಕೊಟ್ಟಿದೆ. ಅಲ್ಲಿ ಕಾನೂನು ಕಟ್ಟಿದ ಗೋಡೆಯನ್ನು ಇಲ್ಲಿ ಬಾಡಿಗೆ ಚೀಟಿ ಕಟ್ಟುತ್ತಿದೆ. ಮನೆ ಮಾಲೀಕ ಕರಾರುಪತ್ರ ಕೊಡುವುದಿಲ್ಲ. ಪತ್ರವಿಲ್ಲದೆ ಗುಮಾಸ್ತ ಅರ್ಜಿ ಮುಟ್ಟುವುದಿಲ್ಲ.

1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಕೇಳುವುದು ಸ್ವಂತ ಮನೆಯನ್ನಲ್ಲ, ಸಾಮಾನ್ಯ ವಾಸವನ್ನು. ಸೂರಿಲ್ಲದವನು ರಾತ್ರಿ ಎಲ್ಲಿ ಮಲಗುತ್ತಾನೆಂದು ಮತಗಟ್ಟೆ ಅಧಿಕಾರಿ ಹೋಗಿ ನೋಡಿ ಹೆಸರು ಸೇರಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಇದು ಹೊಸ ಔದಾರ್ಯವೂ ಅಲ್ಲ. ಸ್ವತಂತ್ರ ಭಾರತದ ಮೊದಲ ಪಟ್ಟಿ ತಯಾರಾಗುವಾಗ, 1948ರಲ್ಲಿ, ದೇಶವಿಭಜನೆಯ ನಿರಾಶ್ರಿತರು "ಇಲ್ಲೇ ನೆಲೆಸುತ್ತೇವೆ" ಎಂದು ಕೊಟ್ಟ ಹೇಳಿಕೆಯ ಮೇಲೆಯೇ ಅವರ ಹೆಸರು ಬರೆದುಕೊಂಡರು. ಅಂದು ಆದದ್ದು ಇಂದು ಏಕೆ ಆಗದು?

"ಓಟು ಇಲ್ಲಿಗೆ ತಂದರೆ ಊರಿನ ಕಾರ್ಡು ಹೋದೀತು" ಎಂಬ ಅಂಜಿಕೆ ಒಂದಿದೆ. ಮತದಾರರ ಪಟ್ಟಿ ಬೇರೆ, ಪಡಿತರದ ಪಟ್ಟಿ ಬೇರೆ. ಒಂದೇ ಕಾರ್ಡಿನಿಂದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯುವ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಆದರೆ ಓಟು ಒಂದೇ ಕಡೆ. ಊರಿನ ಹೊಲ, ಮುದುಕ ತಂದೆತಾಯಿಗಳ ಸಲುವಾಗಿ ಅಲ್ಲೇ ಉಳಿಸಿಕೊಳ್ಳುವುದಾದರೆ ಅದು ಅವರ ಇಷ್ಟ. ಆ ಆಯ್ಕೆ ಕೂಲಿಕಾರನದಾಗಲಿ, ಗುಮಾಸ್ತನದಲ್ಲ.

ಇದು ಪರರ ಪಾಡೆಂದು ಗಿರಣಿ ಕಾರ್ಮಿಕರು ಸುಮ್ಮನಿರಬಾರದು. ಈ ಊರಿನ ಹತ್ತಿ ಗಿರಣಿಗಳನ್ನು ನಡೆಸಿದ ಕೈಗಳಲ್ಲಿ ಹಳ್ಳಿಯಿಂದ ಬಂದವು ಎಷ್ಟಿರಲಿಲ್ಲ? ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದ ಮೇಲೆ ನಮ್ಮ ಮಕ್ಕಳೂ ಬೆಂಗಳೂರಿನಲ್ಲಿ ಹೆಸರಿಲ್ಲದವರಾಗಿದ್ದಾರೆ. ಹಕ್ಕು ಕೇಳಲಾರದವನನ್ನು ತೋರಿಸಿಯೇ ಮಾಲೀಕ ನಮ್ಮ ಕೂಲಿ ಇಳಿಸುತ್ತಾನೆ. ಕೂಲಿ ಇಳಿದರೆ ಕಿರಾಣಿ ಅಂಗಡಿಯ ಗಲ್ಲಾವೂ ಬರಿದು. ನಮ್ಮ ಸಂಘಗಳು ಕೂಡ ಇವರನ್ನು ಮೆರವಣಿಗೆಗೆ ಕರೆದವೇ ಹೊರತು ಪಟ್ಟಿಗೆ ಸೇರಿಸಲಿಲ್ಲ. ಈ ತಪ್ಪನ್ನು ಒಪ್ಪಿಕೊಳ್ಳೋಣ.

ನೋಂದಣಿ ಶಿಬಿರ ಕಚೇರಿ ವೇಳೆಯಲ್ಲಿ ಬೇಡ. ಬೆಳಿಗ್ಗೆ ಕೂಲಿಗೆ ನಿಲ್ಲುವ ವೃತ್ತಗಳಲ್ಲಿ, ಸಂಜೆ ಭಟ್ಟಿಗಳ ಬಾಗಿಲಲ್ಲಿ, ಕಟ್ಟಡದ ಶೆಡ್ಡುಗಳ ಮುಂದೆ ನಡೆಯಲಿ. ಅಕ್ಷರ ಬಲ್ಲ ಪ್ರತಿ ಕಾರ್ಮಿಕನೂ ಪ್ರತಿ ಅಂಗಡಿಕಾರನೂ ಹತ್ತು ಅರ್ಜಿ ತುಂಬಿಕೊಡಲಿ: ವಿಳಾಸ ಬದಲಾವಣೆಗೆ ನಮೂನೆ 8, ಹೊಸ ಹೆಸರಿಗೆ ನಮೂನೆ 6. ಊರು ಕಟ್ಟಿದವನ ಹೆಸರು ಊರಿನ ಪಟ್ಟಿಯಲ್ಲಿರಲಿ.