ಗೆದ್ದ ಐದನೇ ದಿನಕ್ಕೆ ರಾಜೀನಾಮೆ

ಟಾರ್ಗೆಟ್ ಮುಟ್ಟಿದವರಿಗೆ ಆಫೀಸಲ್ಲಿ ಸಿಗೋ ಬಹುಮಾನ ಏನು ಹೇಳಿ? ಮುಂದಿನ ವರ್ಷಕ್ಕೆ ಅದಕ್ಕಿಂತ ದೊಡ್ಡ ಟಾರ್ಗೆಟ್. ಅಪ್ರೈಸಲ್ ಮೀಟಿಂಗ್ ಮುಗಿಸಿ ಹೊರಗೆ ಬಂದಾಗಲೆಲ್ಲ ನನಗೆ ನೆನಪಾಗೋದು ಒಬ್ಬ ಜರ್ಮನ್ ರೇಸ್ ಡ್ರೈವರ್. ಹೆಸರು ನಿಕೋ ರೋಸ್‌ಬರ್ಗ್.

2016ರ ನವೆಂಬರ್ 27ರಂದು ಅಬುಧಾಬಿಯಲ್ಲಿ ಈತ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ಟ್ರೋಫಿ ಪಡೆಯಬೇಕಿತ್ತು. ಅದೇ ದಿನ, ಅದೇ ಊರಲ್ಲಿ, ‘ನಾನಿನ್ನು ರೇಸ್ ಓಡಿಸಲ್ಲ’ ಅಂದುಬಿಟ್ಟ. ವಯಸ್ಸು 31. ಮರ್ಸಿಡಿಸ್ ಜೊತೆ 2018ರ ತನಕ ಒಪ್ಪಂದ ಇತ್ತು. ಆ ಕಾಲದ ಅತಿ ವೇಗದ ಕಾರು ಬೇರೆ ಕೈಯಲ್ಲಿತ್ತು.

‘ಹೆದರಿ ಓಡಿಹೋದ’ ಅಂತ ಆಗ ಬಹಳ ಜನ ಆಡಿಕೊಂಡರು. ಸುಳ್ಳು ಯಾಕೆ ಹೇಳಲಿ, ಅವರಲ್ಲಿ ನಾನೂ ಒಬ್ಬ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುರುಪು. ಮೇಲೆ ಹತ್ತಿದವನು ತಾನಾಗಿ ಯಾಕೆ ಇಳೀತಾನೆ ಅನ್ನೋದು ತಲೆಗೇ ಹೋಗಲಿಲ್ಲ.

ಹುಟ್ಟಿದ್ದು 1985ರಲ್ಲಿ, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ತಾಯಿ ಜರ್ಮನ್. ತಂದೆ ಫಿನ್ಲೆಂಡಿನ ಕೆಕೆ ರೋಸ್‌ಬರ್ಗ್, 1982ರ ವಿಶ್ವ ಚಾಂಪಿಯನ್. ಬೆಳೆದದ್ದು ಶ್ರೀಮಂತರ ಊರು ಮೊನಾಕೊದಲ್ಲಿ. ಹಾಗಾಗಿ ‘ಅಪ್ಪನ ದುಡ್ಡು’ ಅನ್ನೋ ಮಾತು ಬೆನ್ನು ಬಿಡಲಿಲ್ಲ. ದುಡ್ಡಿದ್ದದ್ದು ನಿಜ. ಆದರೆ ಫಾರ್ಮುಲಾ ಒನ್‌ಗೆ ಬಂದ ಮೇಲೆ ಮೊದಲ ಗೆಲುವಿಗೆ ಆರು ವರ್ಷ ಕಾಯಬೇಕಾಯಿತು. 2006ರಲ್ಲಿ ಬಂದವನು ಗೆದ್ದದ್ದು 2012ರಲ್ಲಿ, ಚೀನಾದಲ್ಲಿ. ನಮ್ಮ ದೇಶದಲ್ಲೂ ಓಡಿಸಿದ್ದಾನೆ. 2013ರಲ್ಲಿ ಗ್ರೇಟರ್ ನೋಯ್ಡಾದ ರೇಸಿನಲ್ಲಿ ಎರಡನೇ ಸ್ಥಾನ. ಅವತ್ತು ಗೆದ್ದು ನಾಲ್ಕನೇ ಸಲ ಚಾಂಪಿಯನ್ ಆದದ್ದು ಇನ್ನೊಬ್ಬ ಜರ್ಮನ್, ಸೆಬಾಸ್ಟಿಯನ್ ವೆಟಲ್. ಹಾಗಾಗಿ ನಮ್ಮಲ್ಲಿ ಯಾರಿಗೂ ರೋಸ್‌ಬರ್ಗ್ ನೆನಪಿಲ್ಲ ಬಿಡಿ.

ಅದೇ ವರ್ಷ ಮರ್ಸಿಡಿಸ್‌ನಲ್ಲಿ ಇವನ ಪಕ್ಕದ ಕಾರಿಗೆ ಬಂದವನು ಲೂಯಿಸ್ ಹ್ಯಾಮಿಲ್ಟನ್. ಹದಿಹರೆಯದಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಗೋ-ಕಾರ್ಟ್ ಓಡಿಸಿದ ಗೆಳೆಯರು. ಒಂದೇ ಕಾರು, ಒಂದೇ ಎಂಜಿನ್. ಸೋತರೆ ನೆಪ ಹೇಳೋಕೆ ಜಾಗ ಇಲ್ಲ.

2014ರಲ್ಲಿ ಕೊನೆಯ ರೇಸಿನ ತನಕ ಹಣಾಹಣಿ ನಡೆಯಿತು. ಅಲ್ಲಿ ಇವನ ಕಾರಿನ ಶಕ್ತಿಯೇ ಕುಸಿಯಿತು. ‘ಕಾರು ಒಳಗೆ ತಗೊಂಡು ಬಾ, ಸಾಕು’ ಅಂತ ತಂಡದವರು ರೇಡಿಯೊದಲ್ಲಿ ಹೇಳಿದರೆ, ಕೊನೆಯ ತನಕ ಓಡಿಸ್ತೀನಿ ಅಂತ ಹಟ ಹಿಡಿದು 14ನೆಯವನಾಗಿ ಮುಗಿಸಿದ. ಅರ್ಧಕ್ಕೆ ಬಿಡೋ ಜಾತಿಯವನಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಮರುವರ್ಷ ಅಮೆರಿಕದ ಆಸ್ಟಿನ್‌ನಲ್ಲಿ ಮುಂದಿದ್ದವನು ಒಂದು ತಪ್ಪು ಮಾಡಿದ, ಹ್ಯಾಮಿಲ್ಟನ್ ದಾಟಿ ಹೋಗಿ ಅಲ್ಲೇ ಮತ್ತೆ ಚಾಂಪಿಯನ್ ಆದ. ಪೋಡಿಯಮ್‌ಗೆ ಹೋಗೋ ಮುಂಚಿನ ಕೋಣೆಯಲ್ಲಿ ಹ್ಯಾಮಿಲ್ಟನ್ ಎರಡನೇ ಸ್ಥಾನದ ಟೋಪಿಯನ್ನು ಇವನತ್ತ ಎಸೆದ. ಇವನು ಅದನ್ನು ವಾಪಸ್ ಬೀಸಿ ಒಗೆದ. ಆ ವಿಡಿಯೊ ಸಿಕ್ಕರೆ ಒಮ್ಮೆ ಮುಖ ನೋಡಿ.

ಆ ಟೋಪಿಯ ನಂತರ ಸತತ ಏಳು ರೇಸ್ ಗೆದ್ದ! 2015ರ ಕೊನೆಯ ಮೂರು, 2016ರ ಮೊದಲ ನಾಲ್ಕು.

2016ರಲ್ಲಿ ಆತ ಬದುಕಿದ ರೀತಿ ಕೇಳಿದರೆ ಸುಸ್ತಾಗುತ್ತೆ. ಮನಸ್ಸಿಗೆ ಬೇರೆ ಕೋಚ್, ದಿನಾ ಧ್ಯಾನ. ಸೈಕಲ್ ತುಳಿಯೋದು ನಿಲ್ಲಿಸಿ ತೊಡೆಯ ಸ್ನಾಯು ಕರಗಿಸಿದ, ಒಂದು ಕಿಲೋ ತೂಕ ಇಳೀಲಿ ಅಂತ. ಹೆಲ್ಮೆಟ್ಟಿನ ಬಣ್ಣವನ್ನೂ ತೂಕ ಅಂತ ಕಡಿಮೆ ಮಾಡಿಸಿದ. ಹುಚ್ಚು ಅನ್ನಿಸುತ್ತೆ, ಅಲ್ವಾ? ಜಪಾನಿನ ಸುಜುಕಾದಲ್ಲಿ ಪೋಲ್ ಪೊಸಿಷನ್ ಸಿಕ್ಕಿದ್ದು ಬರೀ 0.013 ಸೆಕೆಂಡಿನಲ್ಲಿ. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅದೃಷ್ಟವೂ ಇತ್ತು, ಇಲ್ಲ ಅನ್ನೋದು ಬೇಡ. ಮಲೇಷ್ಯಾದಲ್ಲಿ ಮುಂದಿದ್ದ ಹ್ಯಾಮಿಲ್ಟನ್ ಕಾರಿನ ಎಂಜಿನ್ ಹೊತ್ತಿಕೊಂಡಿತು. ಸುಜುಕಾ ಮುಗಿದಾಗ ರೋಸ್‌ಬರ್ಗ್ 33 ಅಂಕ ಮುಂದೆ, ಉಳಿದದ್ದು ನಾಲ್ಕು ರೇಸು. ಈಗ ಲೆಕ್ಕ ಹಾಕಿ: ಮೊದಲ ಸ್ಥಾನಕ್ಕೆ 25, ಎರಡನೆಯದಕ್ಕೆ 18. ನಾಲ್ಕರಲ್ಲೂ ಎರಡನೆಯವನಾದರೆ ಕಳೆದುಕೊಳ್ಳೋದು 28 ಮಾತ್ರ. ಹ್ಯಾಮಿಲ್ಟನ್ ನಾಲ್ಕೂ ಗೆದ್ದ. ಇವನು ನಾಲ್ಕರಲ್ಲೂ ಎರಡನೆಯವನಾದ. ಉಳಿದದ್ದು ಐದು ಅಂಕ.

ಹೇಳಿದಷ್ಟು ಸುಲಭ ಇರಲಿಲ್ಲ. ಅಬುಧಾಬಿಯಲ್ಲಿ ಮೂರನೇ ಸ್ಥಾನಕ್ಕಿಂತ ಕೆಳಗಿಳಿದರೆ ಕಥೆ ಮುಗೀತು. ಹ್ಯಾಮಿಲ್ಟನ್ ಬೇಕೆಂದೇ ನಿಧಾನ ಮಾಡಿ ಹಿಂದಿನವರನ್ನೆಲ್ಲ ಇವನ ಬಾಲಕ್ಕೆ ತಂದು ಅಂಟಿಸಿದ. ವೇಗ ಹೆಚ್ಚಿಸು ಅಂತ ತಂಡ ಹೇಳಿದರೂ ಕೇಳಲಿಲ್ಲ. ಹಿಂದೆ ವೆಟಲ್, ವೆರ್ಸ್ಟಾಪೆನ್. ಆ ಕೊನೆಯ ಲ್ಯಾಪ್‌ಗಳಲ್ಲಿ ಒಂದು ಸಣ್ಣ ತಗುಲುವಿಕೆ ಸಾಕಿತ್ತು, ಹತ್ತಾರು ವರ್ಷದ ಕೆಲಸ ಮಣ್ಣುಪಾಲು.

ಬಿಡುವ ಯೋಚನೆ ಸುಜುಕಾದ ನಂತರವೇ ಮೊಳೆತಿತ್ತಂತೆ. ಇದೇ ಕೊನೆಯ ರೇಸ್ ಇರಬಹುದು ಅಂತ ಅಬುಧಾಬಿಯ ಭಾನುವಾರ ಬೆಳಿಗ್ಗೆ ಅನ್ನಿಸಿತ್ತು. ತೀರ್ಮಾನ ಮಾಡಿದ್ದು ಸೋಮವಾರ ಸಂಜೆ. ಹೆಂಡತಿ ವಿವಿಯನ್‌ಗೆ ಮೊದಲು ಹೇಳಿದ. ಮಗಳಿಗೆ ಆಗ ಒಂದು ವರ್ಷ ದಾಟಿತ್ತು ಅಷ್ಟೆ. ಆ ವರ್ಷ ಮನೆಯವರೂ ಇವನ ರೇಸಿಗೆ ತಕ್ಕಂತೆಯೇ ಬದುಕಿದ್ದರು.

ಹತ್ತು ವರ್ಷ ಟಾರ್ಗೆಟ್ ಬೆನ್ನತ್ತಿದ ಮೇಲೆ ಈಗ ನನ್ನ ಅಭಿಪ್ರಾಯ ಬದಲಾಗಿದೆ. ಹೆದರಿದವನು ಸೋತಾಗ ಬಿಡುತ್ತಾನೆ. ಇವನು ಗೆಲುವಿನ ಬೆಲೆ ಎಷ್ಟು ಅಂತ ಪೈಸೆ ಪೈಸೆ ಲೆಕ್ಕ ಹಾಕಿ ಒಮ್ಮೆ ಕೊಟ್ಟ, ಇನ್ನೊಮ್ಮೆ ಕೊಡಲ್ಲ ಅಂದ. ಆದರೂ ಒಂದು ಮಾತು: ಇಎಂಐ ಇರುವವರು ಇದನ್ನೋದಿ ನಾಳೆಯೇ ಪೇಪರ್ ಹಾಕಬೇಡಿ. ಅವನಿಗೆ ಬ್ಯಾಂಕಿನವರು ಫೋನ್ ಮಾಡ್ತಿರಲಿಲ್ಲ.

ಹ್ಯಾಮಿಲ್ಟನ್ ಆಮೇಲೆ ಇನ್ನೂ ನಾಲ್ಕು ಸಲ ಚಾಂಪಿಯನ್ ಆದ. 2021ರಲ್ಲಿ ಎಲೆಕ್ಟ್ರಿಕ್ ಕಾರುಗಳ ಎಕ್ಸ್‌ಟ್ರೀಮ್ ಇ ಸರಣಿ ಶುರುವಾದಾಗ ಇಬ್ಬರೂ ಮಾಲೀಕರಾಗಿ ಒಂದೊಂದು ತಂಡ ಇಳಿಸಿದರು. ವರ್ಷದ ಕೊನೆಗೆ ಎರಡೂ ತಂಡಗಳ ಅಂಕ ಸಮ ಸಮ. ಹೆಚ್ಚು ರೇಸ್ ಗೆದ್ದಿದ್ದಕ್ಕೆ ಪ್ರಶಸ್ತಿ ಹೋದದ್ದು ರೋಸ್‌ಬರ್ಗ್ ತಂಡಕ್ಕೆ. ಈ ಸಲ ಸ್ಟೀರಿಂಗ್ ಹಿಡಿದಿದ್ದು ಮಾತ್ರ ಬೇರೆಯವರು.